ಉಗುಳು ತಾಗದ ಎಳೆ

ಗಂಜಿ ಹಚ್ಚಿದ ನೂಲು ಬಿಸಿಲಿಗೆ ಒಣಗುವಾಗಿನ ಹುಳಿ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಬನಹಟ್ಟಿಯ ಸೋದರತ್ತೆಯ ಓಣಿ ನೆನಪಾಗುತ್ತದೆ. ನಾನೀಗ ಕುಳಿತಿರುವ ರಬಕವಿಯ ಶೇವಂತಿಯವರ ಮನೆಯಲ್ಲಿ ಆ ವಾಸನೆ ಇಲ್ಲ. ಇಲ್ಲಿ ನೂಲಿಗೆ ಗಂಜಿ ಹಚ್ಚುವಂತಿಲ್ಲ.

ಬೆಳಗಿನ ಐದೂವರೆ. ಐವತ್ತಮೂರರ ಶೇವಂತಿ ಮೂಗು, ಬಾಯಿ ಮುಚ್ಚುವಂತೆ ಬಿಳಿ ಬಟ್ಟೆ ಕಟ್ಟಿಕೊಂಡು ಕೈಮಗ್ಗದ ಮುಂದೆ ಕುಳಿತಿದ್ದಾರೆ. ನೇಯುವುದು ಸೀರೆಯನ್ನಲ್ಲ, ಅಂಗೈಯಗಲದ ಜರಡಿಯಂಥ ರೇಷ್ಮೆ ತುಂಡನ್ನು. ದೂರದ ನಗರದ ಪ್ರಯೋಗಾಲಯವೊಂದು ಇದನ್ನು ಒಯ್ದು, ಇದಕ್ಕೆ ಎಲುಬು ಬೆಳೆಸುವ ಔಷಧ ಹಿಡಿಸುತ್ತದೆ. ಎಲುಬು ಒಡೆದು ನಡುವೆ ಖಾಲಿ ಉಳಿದ ಕಡೆ ಇಟ್ಟರೆ ಔಷಧ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಚಪ್ಪರಕ್ಕೆ ಬಳ್ಳಿ ಹಬ್ಬಿದಂತೆ ಹೊಸ ಎಲುಬು ಹಬ್ಬುತ್ತದೆ, ರೇಷ್ಮೆ ನಿಧಾನಕ್ಕೆ ಕರಗುತ್ತದೆ. ಇದು ಪ್ರಯೋಗಾಲಯದವರ ನಂಬಿಕೆ. ಇನ್ನೂ ಮನುಷ್ಯರಿಗೆ ಹಾಕಿಲ್ಲ. ಸೋಮವಾರ ಆರು ಕುರಿಗಳಿಗೆ ಹಾಕಿ ನೋಡುವುದಿದೆ. ಆರು ತುಂಡು ಒಯ್ಯಲು ಇಂದು ಎಂಟಕ್ಕೆ ಜೀಪು ಬರುತ್ತದೆ.

ಆರೂ ಸಿದ್ಧವಾಗಿವೆ. ಆದರೂ ಶೇವಂತಿ ನಿನ್ನೆಯಿಂದ ಊಟ ಬಿಟ್ಟಿದ್ದಾರೆ.

ನೇಕಾರರ ಕೈಗೊಂದು ರೂಢಿಯಿದೆ. ಎಳೆ ಹರಿದರೆ ಬೆರಳನ್ನು ನಾಲಿಗೆಗೆ ತಾಗಿಸಿ, ಎರಡು ತುದಿ ಹೊಸೆದು ಕೂಡಿಸುತ್ತಾರೆ. ಶೇವಂತಿಗೆ ಅವ್ವ ಕಲಿಸಿದ ಮೊದಲ ಪಾಠ ಅದು. ಆದರೆ ಈ ರೇಷ್ಮೆಗೆ ಉಗುಳು ತಾಗಬಾರದು. ಬಾಯಿಗೆ ಬಟ್ಟೆ ಅದಕ್ಕೇ. ಮಂಗಳವಾರ ಸೆಕೆ ತಾಳದೆ ಬಟ್ಟೆ ಸರಿಸಿದ್ದಾಗ ಐದನೇ ತುಂಡಿನ ಒಂದು ಎಳೆ ಹರಿಯಿತು. ಶೇವಂತಿ ನನಗೆ ಹೇಳುತ್ತಾರೆ:

"ಕೈ ಬಾಯಿಗೆ ಹೋತೋ ಇಲ್ಲೋ, ಖರೇನ ಗೊತ್ತಿಲ್ರಿ ಅಕ್ಕಾರ. ನಲವತ್ತ ವರ್ಷದ ಕೈ. ನನ್ನ ಕೇಳಿ ಹೋಗ್ತೈತೇನ್ರಿ?"

ದಿನಕ್ಕೆ ನಾಲ್ಕು ಬೆರಳಗಲ ನೇಯ್ದರೆ ಹೆಚ್ಚು. ಎರಡು ವರ್ಷದಲ್ಲಿ ನೂರಾ ನಲವತ್ತು ತುಂಡು ನೇಯ್ದಿದ್ದಾರೆ. ಮೂವತ್ತೊಂದು ತಿರುಗಿ ಬಂದಿವೆ, ಜರಡಿಯ ಕಣ್ಣು ಹಿಗ್ಗಿದ್ದಕ್ಕೆ, ಕುಗ್ಗಿದ್ದಕ್ಕೆ. ಕುರಿಗಳ ಪರೀಕ್ಷೆ ಕೆಟ್ಟರೆ ಈ ಕೆಲಸ ಬೇರೆ ಊರಿನ ಯಂತ್ರಕ್ಕೆ ಹೋಗುತ್ತದೆ ಎಂದು ಪ್ರಯೋಗಾಲಯದವರು ಮೊದಲೇ ಹೇಳಿದ್ದಾರೆ.

ಈ ಕೆಲಸ ಶೇವಂತಿಗೆ ಕೂಲಿಗಿಂತ ಹೆಚ್ಚಿನದು. ಪತಿ ಅಮಸಿದ್ದಪ್ಪ ಸ್ಕೂಟರಿನಿಂದ ಬಿದ್ದು ಆರು ವರ್ಷವಾಯಿತು. ಎರಡು ಸಲ ಕೊಯ್ದರೂ ತೊಡೆಯ ಎಲುಬು ಕೂಡಲಿಲ್ಲ. ಕೋಲು ಹಿಡಿದು ಬಾಗಿಲಲ್ಲಿ ನಿಂತು ಅವರು ಹೆಂಡತಿಯನ್ನು ನಗಿಸಲು ನೋಡುತ್ತಾರೆ. "ಉಗುಳು ಹಚ್ಚಿ ನೇಯ್ದ ಸೀರಿ ಉಟ್ಟ ಊರ ತುಂಬ ಮದುವಿ ಆಗ್ಯಾವು. ಕುರಿ ಬಂದು ಕೇಳ್ತೈತೇನ?"

ಶೇವಂತಿ ನಗುವುದಿಲ್ಲ. "ಕುರಿ ಕೇಳೂದಿಲ್ಲ. ಅದಕ್ಕ ನಾ ಹೇಳಬೇಕು."

ಎಂಟಕ್ಕೆ ಜೀಪು ಬರುತ್ತದೆ. ಇಳಿಯುವವರು ಹತ್ತಿರದ ತೇರದಾಳದಲ್ಲೇ ಹುಟ್ಟಿದ ಯಶೋಧರಾ, ಪ್ರಯೋಗಾಲಯದ ಸಂಶೋಧಕಿ. ಶೇವಂತಿ ಐದು ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು, ಗುರುತಿಗೆ ಕೆಂಪು ದಾರ ಕಟ್ಟಿದ ಒಂದನ್ನು ಬೇರೆಯಾಗಿ ಮುಂದೆ ಹಿಡಿದು, ಮಂಗಳವಾರದ ಸಂಗತಿ ಹೇಳುತ್ತಾರೆ.

ಯಶೋಧರಾ ಆ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ರೋಗಾಣು ಕೊಲ್ಲಬಹುದಂತೆ, ಆದರೆ ಉಗುಳಿನ ಅಂಶ ಉಳಿದರೆ ಔಷಧ ಎಳೆಗೆ ಹಿಡಿಯುವ ರೀತಿಯೇ ಬದಲಾದೀತು. ಶೇವಂತಿ ಇದನ್ನು ಹೇಳದೇ ಹೋಗಿ ಎಲುಬು ಬೆಳೆಯದಿದ್ದರೆ ತಪ್ಪು ಔಷಧದ್ದೆಂದೇ ಬರೆಯುತ್ತಿದ್ದರಂತೆ.

"ಐದ ಕುರಿ ಮ್ಯಾಲ ಶುರು ಮಾಡಬಹುದೋ ಇಲ್ಲೋ, ದೊಡ್ಡವರನ್ನ ಕೇಳ್ತೀನ್ರಿ. ಮಾತ ಕೊಡಾಕ ಆಗೂದಿಲ್ಲ."

ಪೆಟ್ಟಿಗೆ ಜೀಪಿಗೆ ಹೋಗುತ್ತದೆ. ಶೇವಂತಿ ಕೈ ತೊಳೆದು, ಬಾಯಿಗೆ ಮತ್ತೆ ಬಟ್ಟೆ ಬಿಗಿದು ಮಗ್ಗಕ್ಕೆ ಕೂರುತ್ತಾರೆ. ಬೇಕಾಗುತ್ತದೋ ಇಲ್ಲವೋ ತಿಳಿಯದ ಬದಲಿ ತುಂಡಿಗೆ ಮೊದಲ ಎಳೆ ಹಾಕುತ್ತಾರೆ.

ಜೀಪು ಹೊರಡುವುದಿಲ್ಲ. ಶೇವಂತಿ ನಿನ್ನೆಯಿಂದ ಉಂಡಿಲ್ಲವೆಂದು ಅಮಸಿದ್ದಪ್ಪ ಜೀಪಿನ ಬಳಿ ಹೇಳಿದ್ದಾರೆ. ಯಶೋಧರಾ ತಿರುಗಿ ಬಂದು ಹೊಸ್ತಿಲ ಆಚೆಗೇ ನಿಲ್ಲುತ್ತಾರೆ. ಮಗ್ಗದ ಹತ್ತಿರ ತಿನ್ನುವ ವಸ್ತು ತರಬಾರದೆಂಬ ನಿಯಮ ಮಾಡಿದವರು ಅವರೇ. ಶೇವಂತಿ ಎದ್ದು ಕಟ್ಟೆಗೆ ಬಂದು ಬಾಯಿಯ ಬಟ್ಟೆ ಬಿಚ್ಚುತ್ತಾರೆ. ದಾರಿಗೆಂದು ಕಟ್ಟಿಸಿಕೊಂಡ ತಮ್ಮ ಬುತ್ತಿಯ ಡಬ್ಬಿಯನ್ನು ಯಶೋಧರಾ ಅವರ ಕೈಗಿಡುತ್ತಾರೆ.