ಸಿಲಿಂಡರಿನ ಮೇಲಿದ್ದ ನಾಲ್ಕು ಅಂಕಿ

ರಸೆಲ್ ಅವರ ಅಜ್ಜ ಸುಳ್ಳುಗಾರನಾಗಿರಲಿಲ್ಲ. ಸುಳ್ಳು ಹೇಳಿದವನು ನಾನು. ಹತ್ತೊಂಬತ್ತು ವರ್ಷ ಅದನ್ನು ಬಾಯೊಳಗೇ ಇಟ್ಟುಕೊಂಡಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನ್ನುವವರು ಎನ್ನಲಿ — ನಾನು ಬರೆದೇ ಬರೆಯುತ್ತೇನೆ.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಲೇಥ್ ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ. ಆಮೇಲೆ ಬಂದು ಸೇರಿದ ಈ ಪರದೇಶದಲ್ಲಿ, ನಾರ್ತ್‌ವಿಲ್‌ನ ನಮ್ಮ ಕನ್ನಡದ ಜನರಲ್ಲಿ ಎಂಜಿನಿಯರುಗಳಿದ್ದರು, ಡಾಕ್ಟರುಗಳಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸ್ ಇದ್ದವನು ನಾನೊಬ್ಬನೇ. ರಸೆಲ್ ಅವರ ಹಳೆಯ ಬಂದೂಕು ರಿಪೇರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದೆ.

ಸಿಂಗಲ್ ಆಕ್ಷನ್ ರಿವಾಲ್ವರ್ — ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆಯಬೇಕಾದದ್ದು — ಯಾವ ಕಾಲದ್ದೆಂದು ಗುರುತಿಸಲು ಕಲಿಸಿದವರು ಅವರೇ. ಗುಂಡು ತುಂಬುವ ಸಿಲಿಂಡರಿನ ನಡುವಿನ ಸರಳನ್ನು ಮುಂದಿನಿಂದ ಸ್ಕ್ರೂ ಹಿಡಿದಿದ್ದರೆ ಹಳೆಯದು. ಪಕ್ಕದಲ್ಲಿ ಒತ್ತುವ ಸ್ಪ್ರಿಂಗ್ ಇದ್ದರೆ ಆಮೇಲಿನದು. ಖಾಲಿ ತೋಟಾ ಹೊರದಬ್ಬುವ ಕಡ್ಡಿಯ ತಲೆ ಬೊಟ್ಟಿನಂತೆ ದುಂಡಗಿದ್ದರೆ ಮೊದಮೊದಲಿನ ವರ್ಷಗಳದ್ದು, ಅರ್ಧಚಂದ್ರದಂತಿದ್ದರೆ ಆಮೇಲಿನದು. ಅಷ್ಟು ಹಳೆಯದರಲ್ಲಿ ಚೌಕಟ್ಟಿನ ಅಡಿ ಕೆತ್ತಿದ ನಂಬರಿನ ಕೊನೆಯ ನಾಲ್ಕು ಅಂಕಿ ಸಿಲಿಂಡರಿನ ಮೇಲೂ ಇದ್ದರೆ, ಎರಡೂ ಒಟ್ಟಿಗೇ ಹುಟ್ಟಿದವು. ಇನ್ನೊಂದು ಮಾತನ್ನು ಅವರು ದಿನಾ ಹೇಳುತ್ತಿದ್ದರು: “ಬಸು, ಎಣ್ಣೆ ಬಟ್ಟೆ ಬಿಟ್ಟು ಏನೂ ತಾಗಿಸಬೇಡ. ಅದರ ಕಪ್ಪೇ ಅದರ ವಯಸ್ಸು.”

ಹತ್ತೊಂಬತ್ತು ವರ್ಷದ ಹಿಂದೆ ಅವರ ಅಕ್ಕ ತೀರಿಕೊಂಡು, ಅಜ್ಜನ ರಿವಾಲ್ವರ್ ಇವರ ಕೈಗೆ ಬಂತು. ‘ನನ್ನ ಅಪ್ಪ ಹೊಸದಾಗಿ ಕೊಂಡದ್ದು, ಒಂದು ಭಾಗವನ್ನೂ ಬದಲಿಸಿಲ್ಲ’ ಎಂದು ಅಜ್ಜ ಹೇಳುತ್ತಿದ್ದನಂತೆ. ಆ ಅಜ್ಜನ ಫೋಟೋ ಅಂಗಡಿಯ ಗೋಡೆಯ ಮೇಲಿತ್ತು. ರಸೆಲ್‌ಗೆ ಆಗಲೇ ಕಣ್ಣು ಮಂಜಾಗಿತ್ತು. “ನನ್ನ ಕಣ್ಣು ಈಗ ನೀನೇ. ನೋಡಿಡು” ಎಂದು ಹೇಳಿ ಒಂದು ವಾರ ಮಗಳ ಮನೆಗೆ ಹೋದರು.

ನೋಡಿದೆ. ಮುಂದೆ ಸ್ಕ್ರೂ. ದುಂಡು ತಲೆ. ಸಿಲಿಂಡರಿನ ಮೇಲೆ ೪೧೭೨, ಚೌಕಟ್ಟಿನ ಕೊನೆಗೂ ೪೧೭೨. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ — ಲೆಕ್ಕ ಬರೆಯುವಾಗ ನನ್ನ ಕೈಗೆ ಬರುವುದು ಕನ್ನಡ ಅಂಕಿಯೇ.

ಮರುದಿನ ಖಂಡೇ ಪೂಜೆ. ಮಹಾನವಮಿಗೆ ನಮ್ಮ ಮನೆಯಲ್ಲಿ ಕುಡುಗೋಲು, ಕೊಡಲಿ, ಉಳಿ ಎಲ್ಲವನ್ನೂ ಬೂದಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಮಾಸಿದ ಆಯುಧ ದೇವಿಯ ಮುಂದೆ ಇಡುವಂತಿರಲಿಲ್ಲ. ಅಂಗಡಿಯಲ್ಲೂ ಪ್ರತಿ ವರ್ಷ ಲೇಥಿಗೆ ಕುಂಕುಮ ಹಚ್ಚುತ್ತಿದ್ದೆ, ರಸೆಲ್ ನಗುತ್ತ ಪ್ರಸಾದ ತಿನ್ನುತ್ತಿದ್ದರು. ಆ ದಿನ ಮೇಜಿನ ಮೇಲೆ ನಿಜವಾದ ಆಯುಧವೇ ಇತ್ತು, ಕಪ್ಪಗೆ. ಅಂಚಿಗಷ್ಟೇ ಎಂದುಕೊಂಡು ಪಾಲಿಶ್ ಚಕ್ರಕ್ಕೆ ಹಿಡಿದೆ. ಆಮೇಲೆ ಇನ್ನಷ್ಟು... ಬೆಳ್ಳಿಯಂತೆ ಹೊಳೆಯಿತು. ಹೂ ಏರಿಸಿ, ಕೈ ಮುಗಿದು, ತಲೆ ಎತ್ತಿ ನೋಡಿದರೆ — ಸಿಲಿಂಡರ್ ನುಣ್ಣಗಿತ್ತು. ಅಂಕಿ ಇರಲಿಲ್ಲ. ಚಕ್ರ ತಾಗದ ಚೌಕಟ್ಟಿನ ಅಡಿಯ ನಂಬರ್ ಮಾತ್ರ ಉಳಿದಿತ್ತು.

ಉಜ್ಜಬಾರದೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆನೆಂದು ಹೇಳಿಕೊಳ್ಳಲಾರೆ.

ರಸೆಲ್ ಬಂದರು. ಹೆಬ್ಬೆರಳಿನಿಂದ ಲೋಹವನ್ನು ಸವರಿದರು. “ಯಾರೋ ಉಜ್ಜಿಬಿಟ್ಟಿದ್ದಾರಲ್ಲ?”

“ಹೌದು ಸರ್. ಯಾವಾಗಲೋ.”

“ಸಿಲಿಂಡರಿನ ಮೇಲೆ ನಂಬರ್ ಇದೆಯಾ?”

“ಇಲ್ಲ ಸರ್.”

ಆ ಹೊತ್ತಿಗೆ ಅದು ನಿಜವೇ ಆಗಿತ್ತು — ಅದೇ ಅದರ ಕೊಳಕು. ಅವರು ರಿವಾಲ್ವರನ್ನು ಮೇಜಿನ ಮೇಲಿಟ್ಟರು. “ಹಾಗಾದರೆ ಎಲ್ಲೋ ಸಿಕ್ಕ ಸಿಲಿಂಡರು. ಗುರುತು ಸಿಗದಿರಲೆಂದೇ ಉಜ್ಜಿದ್ದಾರೆ. ಮುದುಕ ಜೀವಮಾನವಿಡೀ ನಮಗೆ ಕತೆ ಕಟ್ಟಿದ” ಎಂದರು. ಸಂಜೆ ಫೋಟೋವನ್ನು ಗೋಡೆಯಿಂದ ತೆಗೆದರು. ಮೊಳೆ ಉಳಿಯಿತು. ಆಮೇಲೆ ಎರಡು ವರ್ಷ ಆ ಮೊಳೆಯ ಕೆಳಗೇ ನಿಂತು ಕೆಲಸ ಮಾಡಿದೆ, ಒಂದು ದಿನವೂ ಬಾಯಿ ಬಿಡಲಿಲ್ಲ. ಅಜ್ಜ ಸುಳ್ಳನೆಂದು ನಂಬಿಕೊಂಡೇ ರಸೆಲ್ ಸತ್ತರು.

ಕಳೆದ ವಾರ ಅವರ ಮಗಳು ಲಿಂಡಾ ಫೋನ್ ಮಾಡಿದಳು. ಅಪ್ಪನ ಹಳೆಯ ಮನೆ ಖಾಲಿ ಮಾಡುತ್ತಿದ್ದಾಳೆ. “ಆ ಸುಳ್ಳು ಮುದುಕನ ಫೋಟೋ ಕಸಕ್ಕೆ ಹಾಕ್ತೀನಿ. ಕಲಬೆರಕೆ ರಿವಾಲ್ವರ್ ನಿನಗೆ ಬೇಕಾ ಬಸು? ಅಪ್ಪನ ನೆನಪಿಗೆ?” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. “ಫೋಟೋ ಎಸೀಬೇಡ. ಶನಿವಾರ ಬರ್ತೀನಿ” ಎಂದೆ.

ಈಗ ನಾವಿರುವ ವುಡ್‌ರಿಡ್ಜ್‌ನ ಮನೆಯಲ್ಲಿ ನಾಲ್ಕು ದಿನದಿಂದ ಇದೇ ಜಗಳ. “ಸತ್ತವ್ರಿಗೆ ಏನ್ ತಿಳೀತೈತ್ರಿ? ಸುಮ್ನ ಕೂಡ್ರಿ. ನಿಮ್ಮ ಮಾರಿಗೆ ನೀವ ಮಸಿ ಬಳ್ಕೋತೀರೇನು?” ಎನ್ನುತ್ತಾಳೆ ಹೆಂಡತಿ. “ಲೆಟ್ ಇಟ್ ಗೋ, ಅಪ್ಪಾ. ಪೂಜೆ ಅಂತ ತಾನೇ ಮಾಡಿದ್ದು?” ಎನ್ನುತ್ತಾಳೆ ಮಗಳು.

ಪೂಜೆಯನ್ನು ಇದಕ್ಕೆ ಎಳೆಯಬೇಡಿ. ಲೇಥಿಗೆ ಕುಂಕುಮ ಹಚ್ಚಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಈ ವರ್ಷವೂ ಹಚ್ಚುತ್ತೇನೆ. ಆದರೆ ಚಕ್ರಕ್ಕೆ ಹಿಡಿದದ್ದು ನನ್ನ ಕೈ, ಇಲ್ಲ ಎಂದದ್ದು ನನ್ನ ನಾಲಿಗೆ. ಅದನ್ನು ದೇವಿಯ ಲೆಕ್ಕಕ್ಕೆ ಬರೆಯಲು ನಾನು ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ ನಾನೇ ನಾರ್ತ್‌ವಿಲ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತೇನೆ, ಸುಮಾರು ಐದು ಗಂಟೆಯ ದಾರಿ. ನೋಟ್‌ಬುಕ್ ಆಗಲೇ ಕಾರಿನ ಸೀಟಿನ ಮೇಲಿದೆ. ಲಿಂಡಾಗೆ ಈ ಅಂಕಿ ಓದಲು ಬಾರದು. ರಿವಾಲ್ವರಿನ ಚೌಕಟ್ಟಿನ ನಂಬರಿನ ಪಕ್ಕ ಪುಟ ತೆರೆದಿಟ್ಟು, ಬೆರಳಿಟ್ಟು ಒಂದೊಂದಾಗಿ ಓದಿ ಹೇಳುತ್ತೇನೆ — ನಾಲ್ಕು, ಒಂದು, ಏಳು, ಎರಡು. ಇಷ್ಟು ವರ್ಷ ಸುಳ್ಳು ಹೇಳಿದವನ ಮಾತನ್ನು ಅವಳು ನಂಬಬೇಕಾಗಿಲ್ಲ. ಬಾಗಿಲು ಹಾಕಿಕೊಂಡರೂ ಹಾಕಿಕೊಳ್ಳಲಿ. ರಿವಾಲ್ವರ್ ತರುವುದಿಲ್ಲ.

ಅಜ್ಜನ ಫೋಟೋಗೆಂದು ಮೊಳೆ, ಸುತ್ತಿಗೆ ಮಾತ್ರ ಜೊತೆಗಿಟ್ಟುಕೊಂಡಿದ್ದೇನೆ. ಅವಳು ಹೊಡೆ ಎಂದರೆ ಹೊಡೆಯುತ್ತೇನೆ.