ಹುಕ್ಕೇರಿಯಲ್ಲಿ ನಾನು ಎತ್ತಿದ ಫೋನು

ಆ ಫೋನು ಬರಬಹುದು ಎಂದು ನನಗೆ ಗೊತ್ತಿತ್ತು. ಬಂದರೆ ಏನು ಹೇಳಬೇಕು ಎಂಬುದನ್ನೂ ತಂಗಿ ಹೇಳಿಕೊಟ್ಟಿದ್ದಳು. ಹಾಗಾಗಿ, ತಿಳಿಯದೆ ಆಯಿತು ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ.

ನಮ್ಮದು ಮಸಗುಪ್ಪಿ. ಕುರಿ, ಜೊತೆಗೆ ಸ್ವಲ್ಪ ಹೊಲ. ಅಪ್ಪ ತೀರಿಕೊಂಡಾಗ ನಾನು ಏಳನೆಯ ತರಗತಿಯಲ್ಲಿದ್ದೆ; ಶಾಲೆ ಬಿಟ್ಟು ಹಿಂಡಿನ ಹಿಂದೆ ಹೊರಟೆ. ತಂಗಿ ಶಾಲೆ ಬಿಡಲಿಲ್ಲ. ಗೋಕಾಕದಲ್ಲಿ ಕಾಲೇಜು, ಆಮೇಲೆ ಧಾರವಾಡ, ಆಮೇಲೆ ಬೇರೆ ರಾಜ್ಯದ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ. ಬೆಳಕು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗುವ ನಕ್ಷತ್ರಗಳ ಮೇಲೆ ಅವಳ ಕೆಲಸ. ಊರಲ್ಲಿ ಕೆಲವರಿಗೆ ಅದು ಜ್ಯೋತಿಷ್ಯವೆಂದೇ ತಿಳಿದಿತ್ತು. ಬಾಜೂ ಮನೆಯ ಕಾಕಾ ಒಮ್ಮೆ ಬಂದು, "ನಮ್ಮ ಎಮ್ಮಿ ಯಾವಾಗ ಗಬ್ಬ ನಿಲ್ಲತೈತಿ, ಸ್ವಲ್ಪ ನೋಡಿ ಹೇಳವಾ" ಎಂದು ಕೂತೇಬಿಟ್ಟರು. "ಅದನ್ನ ದನದ ಡಾಕ್ಟರ್ ಹೇಳ್ತಾರ ಕಾಕಾ, ಚುಕ್ಕಿ ಹೇಳಾಂಗಿಲ್ಲ" ಎಂದು ಇವಳು ಚಹಾ ಕುಡಿಸಿ ಕಳಿಸಿದಳು.

ಪಿಎಚ್‌ಡಿ ಮುಗಿದ ಮೇಲೆ ಅವಳು ಊರಿಗೆ ಬಂದು ಕೆಲಸಕ್ಕಾಗಿ ಕಾಯುತ್ತಿದ್ದಳು. ಈ ನಕ್ಷತ್ರದ ಕೆಲಸ ಮಾಡುವವರಿಗೆಂದೇ ವಾರಕ್ಕೊಮ್ಮೆ ಒಂದು ಸುದ್ದಿಪತ್ರ ಅವಳ ಮೇಲ್‌ಗೆ ಬರುತ್ತಿತ್ತು. ಯಾವ ಸಂಸ್ಥೆಯಲ್ಲಿ ಜಾಗ ಖಾಲಿ ಇದೆ, ಅರ್ಜಿಗೆ ಕೊನೆಯ ದಿನ ಯಾವುದು, ದೊಡ್ಡ ದುರ್ಬೀನಿನಲ್ಲಿ ನೋಡಲು ಸಮಯ ಬೇಕಾದವರು ಯಾವಾಗ ಕೇಳಬೇಕು, ಎಲ್ಲಿ ಸಭೆ, ಯಾರಿಗೆ ಬಹುಮಾನ, ಯಾರು ತೀರಿಕೊಂಡರು, ಎಲ್ಲ ಅದರಲ್ಲಿ ಇರುತ್ತಿತ್ತು. ಸಂಜೆ ಹಿಂಡು ಹಟ್ಟಿಗೆ ಬಂದ ಮೇಲೆ ನಾನು ಕಾಲು ತೊಳೆದುಕೊಂಡು ಕೂತರೆ, ಅವಳು ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಎಲ್ಲ ಕೆಲಸಗಳೂ ಎರಡು ವರ್ಷ, ಮೂರು ವರ್ಷದವು.

"ಇದೇನ ಅವಸ್ಥಿ ನಿಮ್ದು? ಎರಡ ವರ್ಷ ಇಲ್ಲಿ, ಮೂರ ವರ್ಷ ಅಲ್ಲಿ. ಕುರಿಯವರಕಿಂತ ಕಡಿ ಆತಲ್ಲ" ಎಂದೆ ಒಂದು ದಿನ.

"ಹೌದಣ್ಣಾ. ಹುಲ್ಲ ಎಲ್ಲೈತಿ ಅಂತ ನಿಮಗ ಬಾಯಿಲೆ ಸುದ್ದಿ ಬರತೈತಿ, ನಮಗ ಮೇಲ್‌ನ್ಯಾಗ ಬರತೈತಿ. ಅಷ್ಟ ಫರಕ್" ಎಂದು ನಕ್ಕಳು.

ಆ ಸುದ್ದಿಪತ್ರದಲ್ಲಿ ಬಂದ ಒಂದು ಜಾಗಕ್ಕೆ ಅವಳು ಅರ್ಜಿ ಹಾಕಿ, ಸಂದರ್ಶನವನ್ನೂ ಕೊಟ್ಟಿದ್ದಳು. ಆಯ್ಕೆಯಲ್ಲಿ ಅವಳದು ಎರಡನೆಯ ಹೆಸರು. ಮೊದಲಿನವರು ಬೇರೆ ಕಡೆ ಹೋದರೆ ಇವಳನ್ನು ಕರೆಯುತ್ತಾರೆ. ಅವಳು ಸದಾ ಆ ಕರೆಯ ಮೇಲೆಯೇ ಜೀವ ಇಟ್ಟಿದ್ದಳು.

ನನ್ನ ಜೀವ ಬೇರೆ ಕಡೆ ಇತ್ತು. ನನ್ನ ಓರಗೆಯವರ ಮಕ್ಕಳು ಮೂಡಲಗಿಯ ಹೈಸ್ಕೂಲಿಗೆ ಹೋಗುತ್ತಿದ್ದರು. ನನಗೆ ಇನ್ನೂ ಮದುವೆ ಆಗಿರಲಿಲ್ಲ. ಕುರಿ ಹಿಂದೆ ಹೋಗುವವನಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ. ಮೇಳವಂಕಿಯಲ್ಲಿ ಒಬ್ಬರು ನನ್ನ ಮುಖಕ್ಕೇ, "ಹುಡುಗ ಚಲೋ ಅದಾನ, ಆದ್ರ ನಮ್ಮ ಹುಡುಗಿಗೆ ಕುರಿ ವಾಸನಿ ಆಗಿಬರಾಂಗಿಲ್ಲ" ಎಂದಿದ್ದರು. ಉಳಿದದ್ದು ಒಂದೇ ದಾರಿ, ಸಾಟಿ ಲಗ್ನ. ಅವರ ಮನೆಯ ಹೆಣ್ಣು ನಮ್ಮ ಮನೆಗೆ, ನಮ್ಮ ಮನೆಯ ಹೆಣ್ಣು ಅವರ ಮನೆಗೆ. ಹುಕ್ಕೇರಿಯ ಒಂದು ಮನೆಯವರು ಇದಕ್ಕೆ ಒಪ್ಪುವ ಹಾಗಿದ್ದರು. ಅವರ ಮಗಳು ನನಗೆ, ನನ್ನ ತಂಗಿ ಅವರ ಮಗನಿಗೆ. ತಂಗಿಗೆ ನಾನು ಅರ್ಧ ಮಾತ್ರ ಹೇಳಿದ್ದೆ, ನನ್ನ ಮದುವೆಯ ಮಾತು ನಡೆದಿದೆ ಎಂದು.

ಆ ವಾರ ಅವ್ವನ ಕಣ್ಣಿನ ಪೊರೆಯ ಆಪರೇಷನ್ ಇತ್ತು. ತಂಗಿ ಅವ್ವನ ಜೊತೆ ಗೋಕಾಕದ ಆಸ್ಪತ್ರೆಯಲ್ಲಿದ್ದಳು. ಲ್ಯಾಪ್‌ಟಾಪು ಮನೆಯಲ್ಲಿ ಉಳಿದಿತ್ತು. ಅವಳ ಫೋನಿನ ಗಾಜು ಒಡೆದು ರಿಪೇರಿ ಅಂಗಡಿಗೆ ಹೋಗಿತ್ತು. ಅದಕ್ಕೇ ಆ ಸಂಸ್ಥೆಯವರಿಗೆ ನನ್ನ ನಂಬರು ಕೊಟ್ಟಿದ್ದಳು. ನಾನು ಹುಕ್ಕೇರಿಗೆ ಹೊರಟ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕಾಲರು ಸರಿಮಾಡಿ ಹೇಳಿದಳು:

"ಫೋನ್ ಬಂದ್ರ ಬಾಳ ಮಾತಾಡಬ್ಯಾಡ. ‘ಬರತಾಳ್ರಿ, ಖರೇನ ಬರತಾಳ’ ಅನ್ನು. ಆಮ್ಯಾಲ ಸೀದಾ ಇಲ್ಲಿಗೆ ಬಾ. ಮತ್ತ ಅಲ್ಲಿ ಹುಡುಗಿ ಮುಂದ ಬರೇ ಟಗರಿನ ಮಾತ ತಗೀಬ್ಯಾಡ."

ಹುಕ್ಕೇರಿಯ ಆ ಮನೆಯ ಪಡಸಾಲೆಯಲ್ಲಿ ಐದಾರು ಜನ ಹಿರಿಯರು ಜಮಖಾನೆಯ ಮೇಲೆ ಕೂತಿದ್ದರು. ಚುರಮುರಿ, ಚಹಾ ಆಯಿತು. ಹುಡುಗಿಯ ತಂದೆ ತಂಬಾಕು ತಿಕ್ಕುತ್ತ ನೇರವಾಗಿ ಮಾತಿಗೆ ಬಂದರು.

"ನೋಡ ತಮ್ಮಾ, ನಿನ್ನ ತಂಗಿ ಬಾಳ ಕಲ್ತಾಳ ಅಂತ ಕೇಳೇವಿ. ಕಲಿಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಇನ್ನ ಎಲ್ಲೂ ಹೋಗಾಂಗಿಲ್ಲಲಾ? ನಾಳೆ ಆಕಿ ಹಾರಿಹೋಗಿ ನಮ್ಮ ಹುಡುಗಿ ಅಷ್ಟ ನಿಮ್ಮ ಮನ್ಯಾಗ ಉಳೀಬಾರದು."

"ಇಲ್ರಿ ಮಾಮಾ. ಎಲ್ಲೂ ಹೋಗಾಂಗಿಲ್ಲ" ಎಂದೆ.

"ಆಕಿನ್ನ ಕೇಳೀಯಲ್ಲ?"

"ಹೂನ್ರಿ."

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದೆ, ಹೊಸ ನಂಬರು. ಎದ್ದು ಹೊರಗೆ ಹೋಗಬಹುದಿತ್ತು. ಆದರೆ ಹೆಣ್ಣು ಕೇಳಲು ಬಂದವನು ಮಾತಿನ ನಡುವೆ ಫೋನು ಹಿಡಿದು ಹೊರಗೆ ಎದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. "ಎತ್ತ, ಎತ್ತ, ಮಾತಾಡು" ಎಂದರು ಒಬ್ಬರು. ಎಲ್ಲರೂ ಸುಮ್ಮನಾದರು. ಎತ್ತಿದೆ.

ಒಬ್ಬ ಹೆಣ್ಣುಮಗಳ ದನಿ. ಮೊದಲು ಇಂಗ್ಲಿಷು, ನಾನು "ಕನ್ನಡದಾಗ ಹೇಳ್ರಿ" ಎಂದ ಮೇಲೆ ಬೆಂಗಳೂರಿನ ಕಡೆಯ ಕನ್ನಡ. ತಾನು ವಿಜ್ಞಾನಿ, ತನ್ನ ಗುಂಪಿನಲ್ಲಿಯೇ ಆ ಜಾಗ ಇರುವುದು, ಮೊದಲಿನವರು ಬಿಟ್ಟಿದ್ದಾರೆ ಎಂದರು. "ಮೇಲ್ ಮಾಡಿದ್ವಿ, ಉತ್ತರ ಬಂದಿಲ್ಲ. ಇವತ್ತು ಸಂಜೆಯೊಳಗೆ ಒಪ್ಪಿಗೆ ಬೇಕು, ಇಲ್ಲದಿದ್ರೆ ಮುಂದಿನವರನ್ನ ಕೇಳ್ತೀವಿ. ಅವರು ಬರ್ತಾರಲ್ವಾ?"

ನನ್ನ ಮುಂದೆ ಹುಡುಗಿಯ ತಂದೆ ತಂಬಾಕಿನ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬರಾಂಗಿಲ್ರಿ" ಎಂದೆ. "ಆಕಿದು ಲಗ್ನ ಗೊತ್ತಾಗೇತಿ."

"ಅವರೇ ಹೇಳಿದ್ರಾ? ಒಮ್ಮೆ ಅವರ ಜೊತೆ ಮಾತಾಡಬಹುದಾ?"

"ನಾ ಆಕಿ ಅಣ್ಣ ಅದೇನ್ರಿ. ನಾ ಹೇಳಿದ್ರ ಆಕಿ ಹೇಳಿದಂಗ."

ಫೋನು ಇಟ್ಟೆ. ಹಿರಿಯರಲ್ಲಿ ಒಬ್ಬರು, "ಮನಿ ಗಂಡಸು ಅಂದ್ರ ಹಿಂಗಿರಬೇಕ್ ನೋಡು" ಎಂದರು. ಮುಂದಿನ ಮಾತು ಸಲೀಸಾಗಿ ನಡೆಯಿತು.

ಇಲ್ಲಿಯವರೆಗೆ ಆದದ್ದಕ್ಕೆ ಗಾಬರಿ ಎಂದು ಒಂದು ಹೆಸರು ಕೊಡಬಹುದು. ಮುಂದಿನದಕ್ಕೆ ಕೊಡಲಾಗದು. ಸಂಜೆಯವರೆಗೆ ಸಮಯವಿತ್ತು. ನಂಬರು ನನ್ನ ಫೋನಿನಲ್ಲೇ ಇತ್ತು. ಹುಕ್ಕೇರಿ ದಾಟಿದ ಕೂಡಲೇ ಬೈಕು ನಿಲ್ಲಿಸಿ ಆ ನಂಬರು ತೆರೆದೆ, ಮತ್ತೆ ಜೇಬಿಗೆ ಹಾಕಿದೆ. ಘಟಪ್ರಭಾದಲ್ಲಿ ಚಹಾ ಹೇಳಿ ಮತ್ತೆ ತೆರೆದೆ. ಫೋನು ಮಾಡಿದರೆ ನನ್ನ ಮದುವೆ ಹೋಗುತ್ತದೆ, ಮಾಡದಿದ್ದರೆ ಅವಳ ಕೆಲಸ ಹೋಗುತ್ತದೆ. ಇಂಥ ಕೆಲಸ ಅವಳ ಸುದ್ದಿಪತ್ರದಲ್ಲಿ ಪ್ರತಿ ವಾರ ಬರುತ್ತದಲ್ಲ, ನನಗೆ ಹೆಣ್ಣು ಪ್ರತಿ ವಾರ ಬರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಚಹಾ ಆರಿಹೋಯಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ತಂಗಿ ನಿಂತಿದ್ದಳು. ಇನ್ನೂ ಬಿಸಿಲಿತ್ತು.

"ಫೋನ್ ಬಂದಿತ್ತಾ ಅಣ್ಣಾ?"

"ಇಲ್ಲ" ಎಂದೆ.

ಅವಳು ನನ್ನ ಮುಖ ನೋಡಿ, ಹುಕ್ಕೇರಿಯವರು ಒಲ್ಲೆ ಅಂದರೆಂದು ತಿಳಿದಳು. "ಹೋಗಲಿ ಬಿಡ, ಬ್ಯಾರೆ ನೋಡೂಣು" ಎಂದು ನನಗೇ ಸಮಾಧಾನ ಹೇಳಿದಳು. ಹುಕ್ಕೇರಿಯಲ್ಲಿ ಆಡಿದ್ದಕ್ಕಿಂತ ಆ ಮೆಟ್ಟಿಲ ಮೇಲೆ ಆಡಿದ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಅವ್ವನನ್ನು ಮನೆಗೆ ಕರೆತಂದ ದಿನ ಅವಳು ಲ್ಯಾಪ್‌ಟಾಪು ತೆರೆದಳು. ನಾನು ಹಟ್ಟಿಯಲ್ಲಿ ಮರಿಗಳನ್ನು ತಾಯಿಗೆ ಬಿಡುತ್ತಿದ್ದೆ. ಮೇಲ್ ಬಂದಿರುತ್ತದೆ ಎಂದು ಗೊತ್ತಿತ್ತು, ಆದ್ದರಿಂದ ಒಂದು ಮರಿಯನ್ನೇ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದೆ. ಅವಳು ಬಂದು ನಿಂತಳು.

"ಮದವಿಗೆ ಶುಭಾಶಯ ಅಂತ ಬರದಾರ ನನಗ. ಯಾರ್ದ ಮದವಿ ಅಣ್ಣಾ?"

ನಾನು ಎಲ್ಲ ಹೇಳಿದೆ. ಸಾಟಿಯ ಮಾತನ್ನೂ ಹೇಳಿದೆ. ಅವಳು ಬೈಯಲಿಲ್ಲ. ಒಳಗೆ ಹೋಗಿ ಅವರಿಗೆ ಮೇಲ್ ಬರೆದಳು. ಮುಂದಿನವರು ಆಗಲೇ ಒಪ್ಪಿದ್ದಾರೆ ಎಂದು ಉತ್ತರ ಬಂತು. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಸುದ್ದಿಪತ್ರ ಬರುತ್ತಿತ್ತು, ಅವಳು ಒಬ್ಬಳೇ ಓದುತ್ತಿದ್ದಳು. ಹುಕ್ಕೇರಿಯವರಿಗೆ ನಾನು ಇನ್ನೂ ಏನೂ ತಿಳಿಸಿರಲಿಲ್ಲ.

ಕೆಲವು ವಾರಗಳ ಮೇಲೆ ಅವಳದೇ ವಿಷಯದ ಇನ್ನೊಂದು ಜಾಗದ ಸುದ್ದಿ ಬಂತು. ಅರ್ಜಿ ಹಾಕುವ ಮೊದಲು ಅಲ್ಲಿಯ ಒಬ್ಬ ಹಿರಿಯರಿಗೆ ಫೋನು ಮಾಡಿದಳು. ಪಡಸಾಲೆಯಲ್ಲಿ ನನಗೆ ಅವಳ ಮಾತಷ್ಟೇ ಕೇಳುತ್ತಿತ್ತು. ಇಂಗ್ಲಿಷಿನಲ್ಲಿ ಮತ್ತೆ ಮತ್ತೆ "ನೋ ಸರ್, ನೋ ಸರ್" ಎನ್ನುತ್ತಿದ್ದಳು. ಫೋನು ಇಟ್ಟು ನೇರ ನನ್ನ ಹತ್ತಿರ ಬಂದಳು.

"ನನ್ನ ಲಗ್ನ ಆಗೇತಿ, ನಾ ಈ ಕೆಲಸ ಬಿಟ್ಟೇನಿ ಅಂತ ಅವರಿಗೂ ಗೊತ್ತೈತಿ. ಈ ದೇಶದಾಗ ನನ್ನ ಕೆಲಸ ಮಾಡೂ ಮಂದಿ ಎಲ್ಲಾ ಕೂಡಿದ್ರ ಒಂದ ಕಲ್ಯಾಣ ಮಂಟಪಾನೂ ತುಂಬಾಂಗಿಲ್ಲಣ್ಣಾ. ಒಬ್ಬರ ಕಿವಿಗೆ ಬಿದ್ರ ಎಲ್ಲಾರ ಕಿವಿಗೆ ಬಿದ್ದಂಗ. ಸೇರಿಸ್ಕೊಂಡ್ರ ನಡುವ ಬಿಟ್ಟು ಹೋಗತಾಳ ಅನ್ನಾಕತ್ತಾರ."

"ನೀ ಹೇಳಲಿಲ್ಲೇನು?"

"ನಾ ಹೇಳಿದ್ರ ಈಗ ನೆವ ಹೇಳಾಕತ್ತಾಳ ಅಂತಾರ. ನೀನ ಹೇಳೀದಿ, ನೀನ ತಿರಗಿ ಹೇಳು."

ಮರುದಿನ ಅರಭಾವಿಗೆ ಹೋದೆವು; ನಮ್ಮೂರಲ್ಲಿ ಫೋನು ನಡುವೆ ಕಡಿದು ಹೋಗುತ್ತದೆ. ತೋಟಗಾರಿಕೆ ಕಾಲೇಜಿನ ಬಸ್ ಸ್ಟಾಪಿನಲ್ಲಿ, ಹುಡುಗ ಹುಡುಗಿಯರು ಬಸ್ಸಿಗೆ ಕಾಯುತ್ತಿದ್ದ ಕಲ್ಲಿನ ಕಟ್ಟೆಯ ಮೇಲೆ ಕೂತು, ಅವಳು ಆ ವಿಜ್ಞಾನಿಯ ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು. ಫೋನು ಬಡಿಯುತ್ತಿದ್ದಾಗ ಅವರು ಎತ್ತಬಾರದು ಎಂದು ಬೇಡಿಕೊಂಡೆ. ಎತ್ತಿದರು.

"ನಮಸ್ಕಾರ್ರಿ ಮೇಡಮ್ಮರ. ನಾ ಮಸಗುಪ್ಪಿಯಿಂದ... ಅವತ್ತ ನೀವು ಫೋನ್ ಮಾಡಿದ್ರಲ್ಲ, ಆ ಹುಡುಗಿ ಅಣ್ಣ ರಿ." ತಂಗಿ ನನ್ನತ್ತ ನೋಡದೆ ರಸ್ತೆ ನೋಡುತ್ತಿದ್ದಳು. "ಅವತ್ತ ನಾ ಸುಳ್ಳ ಹೇಳೇನ್ರಿ. ಆಕಿ ಲಗ್ನ ಇಲ್ಲ, ಏನಿಲ್ಲ. ಬರತಾಳ ಅಂತ ಹೇಳಂದಿದ್ಲು. ನನ್ನ ಮದವಿ ಸಲುವಾಗಿ ಆಕಿನ್ನ ಒಂದ ಮನಿಗೆ ಕೊಡೂದಿತ್ತು, ಅವರ ಮುಂದ ಕುಂತಿದ್ದೆ, ಅದಕ್ಕ ಹಂಗಂದೆ. ಆಕಿಗೆ ಏನೂ ಗೊತ್ತಿದ್ದಿಲ್ಲ."

ನಾನು "ಹಲೋ" ಎಂದೆ.

"ಕೇಳಿಸ್ತಿದೆ" ಎಂದರು. "ಆ ಜಾಗ ಹೋಯ್ತು. ಅದನ್ನ ನಾನು ವಾಪಸ್ ತರೋಕಾಗಲ್ಲ."

"ಹೌದ್ರಿ."

"ಮದುವೆ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೀನಿ. ಕೇಳದೆ ಹೇಳಿದ್ದು ನನ್ನದೂ ತಪ್ಪು. ಅವರಿಗೆಲ್ಲ ನಿಜ ಏನು ಅಂತ ಹೇಳ್ತೀನಿ. ಫೋನು ನಿಮ್ಮ ತಂಗಿಗೆ ಕೊಡಿ."

ಅವಳು ಎದ್ದು ದೂರ ಹೋಗಿ ಮಾತಾಡಿ ಬಂದಳು. ಕಣ್ಣು ಕೆಂಪಾಗಿತ್ತು. "ಅರ್ಜಿ ಹಾಕು ಅಂದ್ರು. ಇನ್ನ ನೀ ಹುಕ್ಕೇರಿಗೆ ಹೋಗು. ಅವರಿಗೂ ಹೇಳು" ಎಂದಳು. ಮನೆಗೆ ನನ್ನ ಬೈಕಿನಲ್ಲಿ ಬರಲಿಲ್ಲ. ಬಸ್ಸು ಹತ್ತಿದಳು.

ಹುಕ್ಕೇರಿಯ ಮನೆಯಲ್ಲಿ ಅಂದು ಹುಡುಗಿಯ ತಂದೆ ಒಬ್ಬರೇ ಇದ್ದರು. ನಾನು ಕೂರಲಿಲ್ಲ. ತಂಗಿಯನ್ನು ಕೇಳಿರಲೇ ಇಲ್ಲ, ಅವಳು ಒಪ್ಪಿಲ್ಲ ಎಂದು ನಿಂತೇ ಹೇಳಿದೆ.

"ಅಂದ್ರ ಅವತ್ತ ಫೋನಿನ್ಯಾಗ ಹೇಳಿದ್ದು ಸುಳ್ಳು? ನಮ್ಮ ಮುಂದ ಕುಂತು?"

"ಹೂನ್ರಿ."

"ಸಾಟಿ ಅಂದ್ರ ಬಾಯಿಮಾತ ತಮ್ಮಾ. ಬಾಯೇ ಸುಳ್ಳ ಆದ್ರ ಹೆಂಗ? ನಡಿ ಇನ್ನ" ಎಂದರು.

ತಿರುಗಿ ಚಪ್ಪಲಿ ಹಾಕಿಕೊಳ್ಳುವಾಗ ಅಡುಗೆಮನೆಯ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಅವಳ ದನಿಯನ್ನು ನಾನು ಅದೇ ಮೊದಲ ಸಲ ಕೇಳಿದ್ದು.

"ನನ್ನೂ ಯಾರೂ ಕೇಳಿದ್ದಿಲ್ರಿ" ಎಂದಳು. ಅವಳ ತಂದೆ "ಒಳಗ ನಡಿ" ಎಂದು ಗದರಿದರು.

ಮನೆಗೆ ಬಂದಾಗ ತಂಗಿ ಅರ್ಜಿ ಬರೆಯುತ್ತ ಕೂತಿದ್ದಳು. ಆದದ್ದನ್ನು ಹೇಳಿದೆ, ಹುಡುಗಿಯ ಮಾತನ್ನೂ ಹೇಳಿದೆ. ಅವಳ ಕೈ ನಿಂತಿತು.

"ಆಕಿ ಎಷ್ಟ ಕಲ್ತಾಳ? ಏನರ ಮಾಡ್ಬೇಕಂತಾಳೇನು?"

"ಗೊತ್ತಿಲ್ಲ. ಕೇಳಿಲ್ಲ" ಎಂದೆ.

ಅವಳು ಮತ್ತೆ ಅರ್ಜಿಯ ಕಡೆ ತಿರುಗಿದಳು.

ಆ ಜಾಗ ಅವಳಿಗೆ ಸಿಗಲಿಲ್ಲ; ಸಂದರ್ಶನಕ್ಕೆ ಮಾತ್ರ ಕರೆದರು. ಮುಂದಿನ ವರ್ಷ ಬೇರೊಂದು ಕಡೆ ಸಿಕ್ಕಿತು, ದೂರ, ಅವಧಿಯೂ ಕಡಿಮೆ. ಅಲ್ಲಿಂದ ಈಗ ಅವ್ವನಿಗೆ ಫೋನು ಮಾಡುತ್ತಾಳೆ, ನನಗೂ ಒಂದೆರಡು ಮಾತು ಆಡುತ್ತಾಳೆ: ಮಳೆ ಆಯಿತೇ, ಕುರಿಗಳಿಗೆ ಲಸಿಕೆ ಹಾಕಿಸಿದೆಯಾ. ಮೊದಲಿನ ಆ ಜಾಗ ಕೈಗೆ ಬಂದಿದ್ದರೆ ಅವಳು ಇಂದು ಎಲ್ಲಿ ಇರುತ್ತಿದ್ದಳು ಎಂದು ಅವಳು ಒಮ್ಮೆಯೂ ಹೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.