ಬುಡವಿಲ್ಲದ ಗರಿಗಳು

ಹಾರಂಗಿ ಹತ್ತಿರದ ಹಕ್ಕಿ ಆರೈಕೆ ಕೇಂದ್ರದಲ್ಲಿ ನಾನು ಕೆಲಸಕ್ಕಿದ್ದಾಗ, ಕದ್ದು ಮಾರುವವರಿಂದ ಬಿಡಿಸಿ ತಂದ ಎರಡು ಬೆಟ್ಟದ ಮೈನಾಗಳು ಬಂದವು. ಈ ಜಾತಿಯಲ್ಲಿ ಗಂಡೂ ಹೆಣ್ಣೂ ನೋಡಲು ಒಂದೇ ಥರ. ಆದರೆ ವಿರಾಜಪೇಟೆ ಕಡೆಯ ಮನೆಯಲ್ಲಿ ಕೋಳಿಗಳ ನಡುವೆಯೇ ಬೆಳೆದ ನನಗೆ ಯಾವ ಪರೀಕ್ಷೆ ಬೇಕು? ಎರಡೂ ಹುಂಜಗಳ ಹಾಗೆ ಒಂದನ್ನೊಂದು ಕುಕ್ಕುತ್ತಿದ್ದವು. ಎರಡೂ ಗಂಡೇ ಎಂದು ತೀರ್ಪು ಕೊಟ್ಟು ಬೇರೆ ಬೇರೆ ಪಂಜರಕ್ಕೆ ಹಾಕಿದೆ.

ಮನೆಗೆ ಹೋಗಿ ಜಂಬದಿಂದ ಹೇಳಿದೆ. ಹೆಂಡತಿ ಅಕ್ಕಿ ಆರಿಸುತ್ತಲೇ ಕೇಳಿದಳು: “ನಾವೂ ದಿನಾ ಜಗಳ ಆಡ್ತೇವಲ್ಲ ಮಾರಾಯ್ರೆ, ನಾವೆಂತ ಇಬ್ರೂ ಗಂಡಸರಾ?” ಹೆಂಗಸರಿಗೆ ಹಕ್ಕಿ ವಿಷಯ ಏನು ಗೊತ್ತು ಎಂದುಕೊಂಡು ಕೈ ತೊಳೆದು ಊಟಕ್ಕೆ ಕೂತೆ.

ಕೇಂದ್ರದ ಡಾಕ್ಟರಮ್ಮನೂ ನನ್ನ ತೀರ್ಪನ್ನು ನಂಬಲಿಲ್ಲ. ಜೋಡಿಯಾಗಿದ್ದರೆ ಒಟ್ಟಿಗೇ ಕಾಡಿಗೆ ಬಿಡಬೇಕೆಂಬುದು ಅವರ ಆಸೆ. “ಒಂದೊಂದರ ಎದೆಯಿಂದ ನಾಲ್ಕು ಗರಿ ಕಿತ್ತಿಡಿ, ಡಿಎನ್‌ಎ ಟೆಸ್ಟಿಗೆ ಕಳಿಸುವ. ಹಸಿ ಬುಡ ಬೇಕು, ಜೀವಕೋಶ ಇರೋದೇ ಅಲ್ಲಿ. ಗಂಡಾದ್ರೆ ರಿಪೋರ್ಟಲ್ಲಿ ಒಂದು ಗೆರೆ ಬರ್ತದೆ, ಹೆಣ್ಣಾದ್ರೆ ಎರಡು” ಎಂದರು.

ಕೋಳಿ ಹಿಡಿದ ಕೈ ಆ ಕೊಕ್ಕು ನೋಡಿ ಪಂಜರದಿಂದ ಹೊರಗೆ ಬಂತು. ಪಂಜರದ ನೆಲದಲ್ಲಿ ಉದುರಿದ್ದ ಗರಿಗಳನ್ನು ಹೆಕ್ಕಿ ಕವರಿಗೆ ತುಂಬಿದೆ. ಜೀವಕೋಶವೇ ಸಿಗಲಿಲ್ಲವೆಂದು ಲ್ಯಾಬಿನಿಂದ ಉತ್ತರ ಬಂತು. ಮತ್ತೆ ಹೆಕ್ಕಿದೆ, ಮತ್ತೆ ಅದೇ ಉತ್ತರ. ಡಾಕ್ಟರಮ್ಮ ಕೇಳಿದಾಗ, “ಪಾಪ, ಕಿತ್ರೆ ನೋವಾಗ್ತದಲ್ಲ ಮೇಡಂ, ಬಿದ್ದದ್ದನ್ನೇ ಕಳಿಸಿದೆ” ಎಂದೆ. ನನ್ನ ಕನಿಕರಕ್ಕೆ ನಾನೇ ಮಾರುಹೋದೆ.

ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಒಂದು ಮೈನಾ ಸರಿಯಾಗಿ ಹಣ್ಣು ಮುಟ್ಟದೆ ಎದೆಮೂಳೆ ಕೈಗೆ ಸಿಗುವಷ್ಟು ಸೊರಗಿತ್ತು. ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು.

ಕೊನೆಗೆ ಅವರೇ ಎರಡು ಹಕ್ಕಿಗಳನ್ನೂ ಒಂದೊಂದಾಗಿ ನನ್ನ ಕೈಗಿತ್ತು, ಕಣ್ಣುಮುಚ್ಚಿ ತೆರೆಯುವುದರೊಳಗೆ ಗರಿ ಕಿತ್ತರು. ಒಂದು ನನ್ನ ಬೆರಳು ಕಚ್ಚಿತು. ಕಾಫಿ ಕೊಯ್ಯುವಾಗ ಕಚ್ಚುವ ಕೆಂಪಿರುವೆಯಷ್ಟೂ ನೋವಾಗಲಿಲ್ಲ.

ಈ ಸಲ ಗೆರೆಗಳು ಮೂಡಿದವು. ಒಂದು ಗಂಡು, ಒಂದು ಹೆಣ್ಣು. ಸೊರಗಿದ್ದು ಹೆಣ್ಣು. ಅಂದೇ ಎರಡನ್ನೂ ಒಂದೇ ಪಂಜರಕ್ಕೆ ಬಿಟ್ಟೆವು. ಹೆಣ್ಣು ಹೋಗಿ ಗಂಡಿಗೆ ಒತ್ತಿಕೊಂಡು ಕೂತಿತು. ಸ್ವಲ್ಪ ಹೊತ್ತಿಗೆ ಪಪ್ಪಾಯಿ ಹೋಳನ್ನು ಕುಕ್ಕತೊಡಗಿತು. ನಾಚಿಕೆಯಿಂದ ನನಗೆ ಅಳು ಬಂತು.

“ಕನಿಕರ ಅಲ್ಲ ಮೇಡಂ, ನನಗೆ ಕೊಕ್ಕಿನ ಹೆದರಿಕೆ” ಎಂದೆ.

“ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಆ ಹಕ್ಕಿಗೆ ಹೇಳಿ” ಎಂದರು ಡಾಕ್ಟರಮ್ಮ.

ಪಂಜರದ ಹತ್ತಿರ ಬಾಗಿದೆ. ಹೆಣ್ಣು ಹಣ್ಣು ಬಿಟ್ಟು ಗಂಡಿನ ಹಿಂದಕ್ಕೆ ಸರಿಯಿತು.